ಸುಸ್ಥಿತಿ

ಹಾಲು ಉಕ್ಕಿದ್ದು ಒಳ್ಳೆಯದಕ್ಕೇ ಅಂದರು.
ಉಕ್ಕಿದ ಹಾಲು ಕಟ್ಟೆಯಿಳಿದು
ಮೋರಿಯ ಕಡೆ ಹೋಗಲಿಲ್ಲ,
ಮಲಗುವ ಕೋಣೆಯ ಹೊಸ್ತಿಲು ಹುಡುಕಿಕೊಂಡು ಹೊರಟಿತು.
ಮೂಡಲಿಗೆ ಹರೀತು, ಶುಭ, ಅಂದಳು ಚಿಕ್ಕಮ್ಮ.
ನಾನು ಬಟ್ಟೆ ಹಿಡಿದು ಹಿಂದೆ ಓಡಿದೆ.
ಈ ಮನೆಯ ನೆಲ ಯಾವ ಕಡೆಗೆ ವಾಟ ಎಂಬುದು
ನನಗೆ ತಿಳಿದದ್ದು ಹಾಗೆ,
ಅಡ್ವಾನ್ಸು ಕೊಟ್ಟ ಮೂರನೆಯ ದಿನ.

ನೋಡಲು ಬಂದಾಗ ಸಂಜೆ ನಾಲ್ಕು.
ಗುತ್ತಲು ರಸ್ತೆಯ ಬಿಸಿಲು ಕಿಟಕಿಯಿಂದ ನುಗ್ಗಿ
ಹೊಸ ಸುಣ್ಣದ ಮೇಲೆ ಚೆನ್ನಾಗಿ ಕೂತಿತ್ತು.
ದೀಪ ಹಾಕಿ ನೋಡಬೇಕೆಂದು ಯಾರಿಗೆ ಹೊಳೆಯುತ್ತದೆ?
ನಲ್ಲಿ ತಿರುಗಿಸಿದೆ, ನೀರು ಬಂತು.
ಬಂದ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಲಿಲ್ಲ.
ಛಾಪಾಕಾಗದದ ಎರಡನೇ ಪುಟದಲ್ಲಿ
'ಸದರಿ ಮನೆಯನ್ನು ಸುಸ್ಥಿತಿಯಲ್ಲಿ ವಹಿಸಿಕೊಂಡಿರುತ್ತೇನೆ'
ಎಂಬುದರ ಕೆಳಗೆ ಸಹಿ ಹಾಕಿದೆ.
ಸದರಿ ಎಂದರೆ ಈ ಮನೆ.
ಸುಸ್ಥಿತಿ ಎಂದರೆ, ಟೈಪು ಮಾಡುವವನ ಪ್ರಕಾರ,
ಎಲ್ರೂ ಹಾಕೋದು ಮೇಡಂ, ಮಾಮೂಲು.

ನನ್ನ ಕೆಲಸ ದೊಡ್ಡಾಸ್ಪತ್ರೆಯಲ್ಲಿ ರಕ್ತ ಪರೀಕ್ಷೆ.
ಅಲ್ಲಿ ಯಾರನ್ನೂ ಬೈಯುವಂತಿಲ್ಲ, ಹೊಗಳುವಂತಿಲ್ಲ,
ಎಷ್ಟಿದೆಯೋ ಅಷ್ಟು ಬರೆದು ಕೆಳಗೊಂದು ಗೀಟು.
ನಿಂಗಾಜಮ್ಮನವರಿಗೂ ಹಾಗೇ ಬರೆದೆ:
ಬಚ್ಚಲ ನೀರು ಹಿಂದಕ್ಕೆ, ಪಾದ ಮುಳುಗುವಷ್ಟು.
ಪಡುವಣ ಗೋಡೆಯ ತೇವ, ಬಂದಾಗ ಒಂದು ಗೇಣು,
ಈಗ ಮೊಣಕಾಲು. ಮುಟ್ಟಿದರೆ ಬಿಳಿ ಉಪ್ಪು.
ಅಡುಗೆಮನೆಯ ಸ್ವಿಚ್ಚು ಜುಮ್ ಎನ್ನುತ್ತದೆ.
ಮತ್ತೊಮ್ಮೆ ಓದಿದಾಗ ಆ ಚೀಟಿ
ಉಳಿಯದ ರೋಗಿಯ ರಿಪೋರ್ಟಿನ ಹಾಗಿತ್ತು.
ಕೊನೆಗೊಂದು 'ದಯವಿಟ್ಟು' ಸೇರಿಸಿದೆ.

ಮುಂದಿನ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದವರು
ಚೀಟಿ ದೂರ ಹಿಡಿದು, ಹತ್ತಿರ ಹಿಡಿದು,
ಕನ್ನಡ್ಕ ಇಲ್ಲ ಕಣವ್ವ, ನೀನೇ ಓದು ಅಂದರು.
ಬರೆದದ್ದನ್ನು ಬಾಯಲ್ಲಿ ಹೇಳುವಾಗ
ಮೊಣಕಾಲು ಮತ್ತೆ ಗೇಣಾಯಿತು,
ಜುಮ್ ಎನ್ನುವುದು 'ಸ್ವಲ್ಪ' ಆಯಿತು.
ನಾಲೇಲಿ ನೀರ್ ಬುಟ್ಟವ್ರಲ್ಲ, ಅದ್ಕೇ ಗ್ವಾಡೆ ಸೀತ,
ನಿಲ್ಸುದ್ ಮ್ಯಾಲೆ ತಾನೇ ಒಣಗ್ತದೆ, ಬುಡು.

ನಾಲೆ ನಿಂತಿತು.
ಗೋಡೆಗೆ ಸುದ್ದಿ ಮುಟ್ಟಲಿಲ್ಲ.

ಬಾಡಿಗೆಯ ಜೊತೆ ಹೇಳಿದೆ, ಬಾಡಿಗೆಗೆ ಮೊದಲು ಹೇಳಿದೆ.
ನಾ ಇದ್ದಾಗ ಹಿಂಗಿರ್ನಿಲ್ಲ ಅಂದರು.
ಆಲೆಮನೆಯಲ್ಲಿ ದುಡಿದ ದುಡ್ಡಿನದು ಇದು,
ಇಟ್ಟಿಗೆ ತಾವೇ ತಲೆಯ ಮೇಲೆ ಹೊತ್ತದ್ದು.
ಹಾಗೆ ಹೊತ್ತವರ ಮುಂದೆ
ಬಿರುಕು ಎಂಬ ಪದ ಹೇಗೆ ತೆಗೆಯುವುದು?

ಸ್ವಿಚ್ಚಿಗೆಂದು ಒಂದು ಮರದ ಸೌಟು ಇಟ್ಟುಕೊಂಡೆ.
ಬೆಳಿಗ್ಗೆ ಒತ್ತಲು, ರಾತ್ರಿ ಆರಿಸಲು,
ನೆಂಟರು ಬಂದರೆ ಬಾಗಿಲ ಹಿಂದೆ ಬಚ್ಚಿಡಲು.
ಮನೆ ಚೆನ್ನಾಗಿದೆ ಎಂದು ಊರಿಗೆಲ್ಲ ಹೇಳಿಯಾಗಿತ್ತಲ್ಲ.

ಮೊನ್ನೆ ಶನಿವಾರ, ಹಿದುಕಿದ ಬೇಳೆ ಸಾರು
ಬಟ್ಟಲಲ್ಲಿ ಹಿಡಿದು ಬಂದ ನಿಂಗಾಜಮ್ಮ
ಏನವ್ವ ಕತ್ಲೇಲಿ ಕುಂತಿದ್ದೀಯೆ ಎನ್ನುತ್ತ
ಕಟ್ಟಿಸಿದ ಮನೆಯಲ್ಲವೇ, ನೋಡದೆಯೇ
ಗೋಡೆಗೆ ಕೈ ಚಾಚಿದರು.

ಮುಟ್ಟಬೇಡಿ!

ಅಷ್ಟು ಜೋರಾಗಿ ಕೂಗಬಲ್ಲೆನೆಂದು
ನನಗೂ ಗೊತ್ತಿರಲಿಲ್ಲ.
ಸಾರು ಚೆಲ್ಲಿತು. ಚೆಲ್ಲಿದ್ದು ಮೋರಿಯ ಕಡೆ ಹೋಗದೆ
ಮಲಗುವ ಕೋಣೆಗೆ ಹೊರಟದ್ದನ್ನು
ಅರೆಗತ್ತಲಲ್ಲಿ ಇಬ್ಬರೂ ನಿಂತು ನೋಡಿದೆವು.

ಸೌಟು ಕೊಟ್ಟೆ. ಅದರ ತುದಿಯಿಂದ ಒತ್ತಿದರು,
ಒಂದೇ ಸಲಕ್ಕೆ, ಅಭ್ಯಾಸವಿದ್ದವರ ಹಾಗೆ.
ದೀಪ ಬಂತು.
ಗೋಡೆಯೂ ಬಂತು, ಸೊಂಟದವರೆಗೆ ಕಪ್ಪು.
ಯಾವಾಗ್ಲಿಂದವ್ವ ಹಿಂಗೆ?
ಬಂದಾಗಿನಿಂದ.
ಮೊದ್ಲೇ ಯಾಕ್ ಹೇಳ್ನಿಲ್ಲ?

ಬಾಯಿ ತೆರೆದೆ.
ಅವರು ಅಂಗೈಯನ್ನು ಗೋಡೆಗಿಟ್ಟು
ತೆಗೆದು, ಸೀರೆಗೆ ಒರೆಸಿಕೊಂಡು,
ನಾಳೀಕೆ ಕರೆಂಟ್ ರಾಮಲಿಂಗನ ಕಳುಸ್ತೀನಿ ಎಂದು
ಬಟ್ಟಲು ಬಿಟ್ಟು
ಸೌಟು ಹಿಡಿದುಕೊಂಡು ಹೋದರು.

ಇವತ್ತಿಗೆ ಮೂರು ದಿನ. ರಾಮಲಿಂಗ ಬಂದಿಲ್ಲ.
ಬಟ್ಟಲು ತೊಳೆದಿಟ್ಟಿದ್ದೇನೆ.
ಖಾಲಿ ಬಟ್ಟಲು ವಾಪಸು ಕೊಡುವ ಪದ್ಧತಿಯಿಲ್ಲ,
ಒಂದು ಹಿಡಿ ಸಕ್ಕರೆ ಹಾಕಿದೆ,
ಮಂಡ್ಯದಲ್ಲಿ ಅದಕ್ಕೇನು ಬರ.
ಸಕ್ಕರೆಯ ಕೆಳಗೆ, ನಾಲ್ಕಾಗಿ ಮಡಿಸಿ, ಅದೇ ಚೀಟಿ.
ಮೊಣಕಾಲು ಹೊಡೆದು ಸೊಂಟ ಎಂದು ತಿದ್ದಿದ್ದೇನೆ.
ಕೊನೆಯ ಪದದ ಮೇಲೂ
ಒಂದು ಗೀಟು.